ಬ್ಯಾಪ್ಟಿಸ್ಟ್ ಸಭೆಗಳು ಮತ್ತು ಕಿಂಗ್ ಜೇಮ್ಸ್ ಬೈಬಲ್: ಸಹಿ ಹಾಕುವ ಮುನ್ನ ಏನು ಕೇಳಬೇಕು?

ಪ್ರಶ್ನೆ: ನಾವು ಮೈಸೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವರು. ಕೆಲಸದ ನಿಮಿತ್ತ ಈಗ ಅಮೆರಿಕದ ಟೆನೆಸ್ಸಿಯಲ್ಲಿದ್ದೇವೆ. ಮನೆ ಹತ್ತಿರದ ಬ್ಯಾಪ್ಟಿಸ್ಟ್ ಸಭೆಗೆ ಹೋಗುತ್ತಿದ್ದೇವೆ. ಅಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮಾಡುವಿರಾ ಎಂದು ನನ್ನ ಹೆಂಡತಿಯನ್ನು ಕೇಳಿದರು. ಒಪ್ಪಿದ ಮೇಲೆ, ಕಿಂಗ್ ಜೇಮ್ಸ್ ಬಿಟ್ಟು ಬೇರೆ ಯಾವ ಇಂಗ್ಲಿಷ್ ಬೈಬಲನ್ನೂ ಬಳಸುವುದಿಲ್ಲ ಎಂಬ ಪತ್ರಕ್ಕೆ ಸಹಿ ಹಾಕಬೇಕು ಅಂದರು. ಅದೇ ರಸ್ತೆಯ ಇನ್ನೊಂದು ಬ್ಯಾಪ್ಟಿಸ್ಟ್ ಸಭೆಯಲ್ಲಿ ಇಎಸ್‌ವಿ (ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್ ಎಂಬ ಹೊಸ ಭಾಷಾಂತರ) ಓದುತ್ತಾರೆ. ಬ್ಯಾಪ್ಟಿಸ್ಟರ ನಿಜವಾದ ನಿಯಮ ಯಾವುದು? ನಮ್ಮ ಕನ್ನಡ ಸತ್ಯವೇದದ ಬಗ್ಗೆ ಇವರು ಏನು ಹೇಳಬಹುದು? ಸಹಿ ಹಾಕುವ ಮೊದಲು ಏನೇನು ಕೇಳಬೇಕು?

ಉತ್ತರ: ಬ್ಯಾಪ್ಟಿಸ್ಟರೆಲ್ಲರನ್ನೂ ಕಟ್ಟಿಹಾಕುವಂಥ ನಿಯಮ ಯಾವುದೂ ಇಲ್ಲ. ಸಿಎಸ್‌ಐನಿಂದ ಬಂದವರಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. ನಿಮ್ಮಲ್ಲಿ ಸಭೆಯ ಮೇಲೆ ಡಯಾಸಿಸ್, ಅದರ ಮೇಲೆ ಸಿನೊಡ್. ಆರಾಧನಾ ಕ್ರಮ ಮೇಲಿನಿಂದ ಇಳಿದು ಬರುತ್ತದೆ. ಬ್ಯಾಪ್ಟಿಸ್ಟರಲ್ಲಿ ಸ್ಥಳೀಯ ಸಭೆಯೇ ಕೊನೆಯ ಮೆಟ್ಟಿಲು. ಪಾಸ್ಟರನ್ನು ಕರೆಯುವುದು, ಕಳಿಸುವುದು, ಲೆಕ್ಕಪತ್ರ ಒಪ್ಪುವುದು, ಪುಲ್ಪಿಟ್ಟಿನಲ್ಲಿ ಯಾವ ಬೈಬಲ್ ಇಡಬೇಕೆಂದು ತೀರ್ಮಾನಿಸುವುದು, ಎಲ್ಲವೂ ಆ ಸಭೆಯ ಸದಸ್ಯರ ಕೈಯಲ್ಲೇ ಇರುತ್ತದೆ. ಅಮೆರಿಕದ ಅತಿ ದೊಡ್ಡ ಬ್ಯಾಪ್ಟಿಸ್ಟ್ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1925ರಲ್ಲಿ ತನ್ನ ನಂಬಿಕೆಯ ಹೇಳಿಕೆ ಹೊರತಂದು, 1963 ಮತ್ತು 2000ರಲ್ಲಿ ಅದನ್ನು ಪರಿಷ್ಕರಿಸಿತು. ಮೂರರಲ್ಲೂ ಇಂಥದೇ ಭಾಷಾಂತರ ಓದಬೇಕೆಂಬ ಮಾತಿಲ್ಲ. 2011ರಲ್ಲಿ ಅದರ ವಾರ್ಷಿಕ ಸಭೆ ಹೊಸ ಎನ್‌ಐವಿಯ (ನ್ಯೂ ಇಂಟರ್‌ನ್ಯಾಷನಲ್ ವರ್ಷನ್) ಲಿಂಗಸೂಚಕ ಪದಗಳ ಬಳಕೆಯನ್ನು ಖಂಡಿಸಿ, ತನ್ನದೇ ಪ್ರಕಾಶನ ಸಂಸ್ಥೆಯಾದ ಲೈಫ್‌ವೇ ಅದನ್ನು ಮಾರಬಾರದೆಂದು ಠರಾವು ಮಾಡಿತು. ಲೈಫ್‌ವೇ ಮಾರುತ್ತಲೇ ಹೋಯಿತು. ಠರಾವಿನ ತೂಕ ಅಷ್ಟೇ.

ಹಾಗಾಗಿ ನಿಮ್ಮ ಕೈಗೆ ಬಂದಿರುವ ಪತ್ರ ಆ ಒಂದು ಸಭೆಯ ಪತ್ರ, ಬ್ಯಾಪ್ಟಿಸ್ಟ್ ಪಂಥದ್ದಲ್ಲ. ಅದರಲ್ಲಿ ಕಾಣುವ ‘ಕೆಜೆವಿ (ಕಿಂಗ್ ಜೇಮ್ಸ್ ವರ್ಷನ್) ಮಾತ್ರ’ ಎಂಬ ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಿಲುವುಗಳು ಇರಬಹುದು. ಹೆಚ್ಚಿನ ಜಗಳ, ಮನಸ್ತಾಪ ಹುಟ್ಟುವುದು ಈ ನಿಲುವುಗಳನ್ನು ಬೇರ್ಪಡಿಸದೆ ಮಾತಾಡುವುದರಿಂದ.

ತೀರಾ ಸಾಮಾನ್ಯವಾದದ್ದು ರೂಢಿಯ ನಿಲುವು. ಹಿರಿಯರು ಬಾಯಿಪಾಠ ಮಾಡಿದ್ದು ಇದೇ, ಹಾಡುಗಳಲ್ಲಿ ಇರುವ ಮಾತೂ ಇದರದೇ, ಎಲ್ಲರೂ ಒಂದೇ ಪಾಠವನ್ನು ಒಟ್ಟಿಗೆ ಓದಲಿ ಎನ್ನುವ ಸಭೆಗಳು ಇವು. ಪತ್ರದಲ್ಲಿ ‘ನಮ್ಮ ಸಾರ್ವಜನಿಕ ಆರಾಧನೆಯಲ್ಲಿಯೂ ತರಗತಿಗಳಲ್ಲಿಯೂ ಕೆಜೆವಿ ಬಳಸುತ್ತೇವೆ’ ಎಂಬಷ್ಟೇ ವಾಕ್ಯವಿದ್ದರೆ ವಿಷಯ ಇಷ್ಟೇ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಅದು ಸಮವಸ್ತ್ರದ ನಿಯಮವಿದ್ದಂತೆ; ಮನೆಯಲ್ಲಿ ನೀವು ಏನು ಓದುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕರಿಯರ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಕೆಜೆವಿಯ ಬಗ್ಗೆ ಇರುವ ಗಾಢ ಪ್ರೀತಿ ಬಹುಮಟ್ಟಿಗೆ ಈ ಬಗೆಯದು. ಬ್ಯಾಪ್ಟಿಸ್ಟ್ ಪಾಸ್ಟರ್ ಆಗಿದ್ದ ಮಾರ್ಟಿನ್ ಲೂಥರ್ ಕಿಂಗ್ 1963ರ ವಾಷಿಂಗ್ಟನ್ ಭಾಷಣದಲ್ಲಿ ಯೆಶಾಯ 40ನ್ನು ಕೆಜೆವಿಯ ಮಾತಿನಲ್ಲೇ ಹೇಳಿದರು. ಅದೇ ಭಾಷಣದಲ್ಲಿ ಆಮೋಸ 5:24 ಬಂದಾಗ ಮಾತ್ರ ಕೆಜೆವಿಯ ‘ಜಡ್ಜ್‌ಮೆಂಟ್’ ಬಿಟ್ಟು ‘ಜಸ್ಟಿಸ್’ ಅಂದರು. ಅದು 1901ರ ಅಮೆರಿಕನ್ ಸ್ಟ್ಯಾಂಡರ್ಡ್ ವರ್ಷನ್ ಹಿಡಿದ ದಾರಿ. ಕಿವಿಗೆ ಯಾವುದು ಹಿಡಿಸಿತೋ ಅದನ್ನು ಹೇಳಿದರು. ಯಾರೂ ತಕರಾರು ಮಾಡಲಿಲ್ಲ.

ಎರಡನೆಯದು ಮೂಲಪಾಠದ ನಿಲುವು. ಇವರ ವಾದ ಇಂಗ್ಲಿಷ್ ಕುರಿತದ್ದಲ್ಲ, ಅದರ ಹಿಂದಿನ ಗ್ರೀಕ್ ಮತ್ತು ಹೀಬ್ರೂ ಕುರಿತದ್ದು. ಹೊಸ ಒಡಂಬಡಿಕೆಗೆ ‘ಟೆಕ್ಸ್ಟಸ್ ರಿಸೆಪ್ಟಸ್’ ಎಂಬ ಮುದ್ರಿತ ಗ್ರೀಕ್ ಪಾಠವೇ ದೇವರು ಕಾಪಾಡಿಕೊಟ್ಟದ್ದು, 1881ರಲ್ಲಿ ವೆಸ್ಟ್‌ಕಾಟ್ ಮತ್ತು ಹಾರ್ಟ್ ಎಂಬ ಇಂಗ್ಲಿಷ್ ವಿದ್ವಾಂಸರು ಹಳೆಯ ಹಸ್ತಪ್ರತಿಗಳಿಂದ ಸಿದ್ಧಪಡಿಸಿದ ಪಾಠವೂ ಅದರ ನಂತರದವೂ ಕೆಟ್ಟವು ಎನ್ನುತ್ತಾರೆ. ಪತ್ರದಲ್ಲಿ ‘ಸಂರಕ್ಷಿತ’, ‘ರಿಸೀವ್ಡ್ ಟೆಕ್ಸ್ಟ್’ (ಟೆಕ್ಸ್ಟಸ್ ರಿಸೆಪ್ಟಸ್‌ನ ಇಂಗ್ಲಿಷ್ ಹೆಸರು), ‘ಮಸೊರೆಟಿಕ್’ (ಯಹೂದಿ ವಿದ್ವಾಂಸರು ಕಾಪಾಡಿಕೊಂಡು ಬಂದ ಹೀಬ್ರೂ ಪಾಠ) ಎಂಬ ಪದಗಳು ಕಂಡರೆ ಇದು ಆ ಬಗೆ. ಕೆಲವರು 1520ರ ದಶಕದಲ್ಲಿ ವೆನಿಸ್‌ನಲ್ಲಿ ಅಚ್ಚಾದ ಬೆನ್ ಹಯ್ಯೀಮ್‌ನ ಹೀಬ್ರೂ ಪಾಠವನ್ನೂ ಹೆಸರಿಸಿ ಬರೆಯುತ್ತಾರೆ.

ಮೂರನೆಯದು ಇಂಗ್ಲಿಷೇ ಪರಿಪೂರ್ಣ ಎನ್ನುವ ನಿಲುವು. ಕೆಜೆವಿಯ ಇಂಗ್ಲಿಷ್ ಪದಗಳಲ್ಲಿ ಒಂದೂ ತಪ್ಪಿಲ್ಲ ಎನ್ನುವವರು ಇವರು. ಇದರ ತುತ್ತತುದಿಯಲ್ಲಿ ಫ್ಲೋರಿಡಾದ ಪೆನ್ಸಕೋಲಾದ ಪೀಟರ್ ರಕ್‌ಮನ್ (1921–2016) ಇದ್ದರು. ಗ್ರೀಕಿಗೂ ಇಂಗ್ಲಿಷಿಗೂ ಭಿನ್ನಾಭಿಪ್ರಾಯ ಬಂದರೆ ಇಂಗ್ಲಿಷೇ ಗ್ರೀಕನ್ನು ತಿದ್ದುತ್ತದೆ ಎಂದು ಕಲಿಸಿದರು. ಕೆಜೆವಿ ಬಳಸುವ ಪಾಸ್ಟರುಗಳಲ್ಲೇ ಅನೇಕರು ‘ನಾವು ರಕ್‌ಮನ್ ಕಡೆಯವರಲ್ಲ’ ಎಂದು ಮುಂಗಡವಾಗಿ ಹೇಳಿಬಿಡುತ್ತಾರೆ. ಅದು ನಿಮಗೆ ಉಪಯುಕ್ತ ಸೂಚನೆ.

ಇವನ್ನು ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ‘ನ್ಯೂ ಕಿಂಗ್ ಜೇಮ್ಸ್ ಆಗಬಹುದೇ?’ ಹೊಸ ಒಡಂಬಡಿಕೆ 1979ರಲ್ಲಿ, ಪೂರ್ತಿ ಬೈಬಲ್ 1982ರಲ್ಲಿ ಬಂದ ಎನ್‌ಕೆಜೆವಿ ಅದೇ ಟೆಕ್ಸ್ಟಸ್ ರಿಸೆಪ್ಟಸ್‌ನಿಂದ ಮಾಡಿದ್ದು. ವಾದ ನಿಜವಾಗಿ ಗ್ರೀಕಿನದಾದರೆ ಅದಕ್ಕೆ ಅಡ್ಡಿ ಇರಬಾರದು. ‘ಸರಿ, ಆದರೆ ಮಕ್ಕಳಿಗೆ ಗೊಂದಲ ಬೇಡ’ ಎಂದರೆ ರೂಢಿ. ‘ಅದರ ಅಡಿಟಿಪ್ಪಣಿಗಳಲ್ಲಿ ಬೇರೆ ಪಾಠಗಳನ್ನು ತೋರಿಸುತ್ತಾರೆ, ಅದು ಬೇಡ’ ಎಂದರೆ ಮೂಲಪಾಠದ ಬಿಗಿ ನಿಲುವು. ‘ಅದೂ ಕಲಬೆರಕೆಯೇ’ ಎಂದು ಒಂದೇ ಮಾತಿಗೆ ತಳ್ಳಿಹಾಕಿದರೆ, ಬಾಯಲ್ಲಿ ಗ್ರೀಕ್ ಇದ್ದರೂ ಮನಸ್ಸಿನಲ್ಲಿರುವುದು ಇಂಗ್ಲಿಷ್.

ಇನ್ನು ಮೂಲಪಾಠದ ವಿಷಯ. ಇಲ್ಲಿ ವಾದ ಮಾಡುವವರಲ್ಲಿ ಎರಡೂ ಕಡೆಯವರು ಅರ್ಧಂಬರ್ಧ ತಿಳಿದು ಮಾತಾಡುತ್ತಾರೆ. ಪಂಪ, ಕುಮಾರವ್ಯಾಸರ ಕೃತಿಗಳ ಸಂಪಾದನೆಯ ಬಗ್ಗೆ ಓದಿದ ಕನ್ನಡಿಗರಿಗೆ ಓಲೆಗರಿಯಿಂದ ಓಲೆಗರಿಗೆ ಪಾಠಾಂತರ ಬರುವುದು ಹೊಸ ಸಂಗತಿಯಲ್ಲ. ಗ್ರೀಕ್ ಹೊಸ ಒಡಂಬಡಿಕೆಯದೂ ಅದೇ ಕತೆ. 1516ರಲ್ಲಿ ಬಾಸೆಲ್‌ನಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಮೊದಲ ಗ್ರೀಕ್ ಹೊಸ ಒಡಂಬಡಿಕೆಯನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದದ್ದು ಬೆರಳೆಣಿಕೆಯ ಹಸ್ತಪ್ರತಿಗಳು. ಪ್ರಕಟನೆ ಪುಸ್ತಕಕ್ಕೆ ಇದ್ದ ಒಂದೇ ಪ್ರತಿಯಲ್ಲಿ ಕೊನೆಯ ಹಾಳೆ ಇರಲಿಲ್ಲ. ಕೊನೆಯ ಆರು ವಚನಗಳನ್ನು ಅವರು ಲ್ಯಾಟಿನ್‌ನಿಂದ ಗ್ರೀಕಿಗೆ ತಾವೇ ಮಾಡಿಕೊಂಡರು. ಹಾಗಾಗಿಯೇ ಕೆಜೆವಿಯಲ್ಲಿ ಪ್ರಕಟನೆ 22:19ರಲ್ಲಿ ‘ಜೀವದ ಪುಸ್ತಕ’ ಎಂದಿದೆ. ಗ್ರೀಕ್ ಹಸ್ತಪ್ರತಿಗಳಲ್ಲಿರುವುದು ‘ಜೀವದ ಮರ’. 1 ಯೋಹಾನ 5:7ರ ‘ಪರಲೋಕದಲ್ಲಿ ಸಾಕ್ಷಿ ಕೊಡುವವರು ಮೂವರು: ತಂದೆ, ವಾಕ್ಯ, ಪವಿತ್ರಾತ್ಮ’ ಎಂಬ ಭಾಗ ಎರಾಸ್ಮಸ್‌ರ 1516, 1519ರ ಮುದ್ರಣಗಳಲ್ಲಿ ಇರಲಿಲ್ಲ. ದೂರುಗಳು ಬಂದವು, ಆ ಮಾತಿದ್ದ ಒಂದು ತಡವಾದ ಹಸ್ತಪ್ರತಿ ಮುಂದೆ ಬಂತು, 1522ರ ಮೂರನೇ ಮುದ್ರಣಕ್ಕೆ ಸೇರಿಸಿದರು.

ಬ್ಯಾಪ್ಟಿಸ್ಟರಿಗೆ ಇವೆರಡಕ್ಕಿಂತ ಹತ್ತಿರದ ವಚನ ಇನ್ನೊಂದಿದೆ: ಅಪೊಸ್ತಲರ ಕೃತ್ಯಗಳು 8:37. ಐಥಿಯೋಪ್ಯದ ಕಂಚುಕಿ ‘ಇಗೋ ನೀರು, ನನಗೆ ದೀಕ್ಷಾಸ್ನಾನಕ್ಕೆ ಅಡ್ಡಿ ಏನು?’ ಎಂದು ಕೇಳುತ್ತಾನೆ. ಫಿಲಿಪ್ಪ ‘ಪೂರ್ಣಹೃದಯದಿಂದ ನಂಬಿದರೆ ಆಗಬಹುದು’ ಎನ್ನುತ್ತಾನೆ; ಕಂಚುಕಿ ತನ್ನ ನಂಬಿಕೆಯನ್ನು ಬಾಯಿಬಿಟ್ಟು ಹೇಳುತ್ತಾನೆ. ಆ ಉತ್ತರವೇ 37ನೇ ವಚನ. ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ, ಶಿಶುಗಳಿಗಿಲ್ಲ ಎಂಬ ಬ್ಯಾಪ್ಟಿಸ್ಟ್ ಬೋಧನೆಗೆ ಇದಕ್ಕಿಂತ ಚೊಕ್ಕ ವಾಕ್ಯ ಸಿಗಲಾರದು. ಆದರೆ ಹಳೆಯ ಮುಖ್ಯ ಗ್ರೀಕ್ ಹಸ್ತಪ್ರತಿಗಳಲ್ಲಿ ಅದಿಲ್ಲ. ಎರಾಸ್ಮಸ್ ಅದನ್ನು ಒಂದು ಹಸ್ತಪ್ರತಿಯ ಅಂಚಿನಲ್ಲಿ ಕಂಡು, ನಕಲುಗಾರರು ಅಜಾಗರೂಕತೆಯಿಂದ ಬಿಟ್ಟಿರಬೇಕೆಂದು ಸೇರಿಸಿದರು. ಇಎಸ್‌ವಿ, ಎನ್‌ಐವಿ ತೆರೆದರೆ ಸಂಖ್ಯೆ 36ರಿಂದ ಸೀದಾ 38ಕ್ಕೆ ಹಾರುತ್ತದೆ, 37 ಅಡಿಟಿಪ್ಪಣಿಯಲ್ಲಿರುತ್ತದೆ. ಬಾಲ್ಯದಿಂದ ಈ ವಚನವನ್ನು ಬಾಯಿಪಾಠ ಮಾಡಿದ ಒಬ್ಬ ಬ್ಯಾಪ್ಟಿಸ್ಟ್ ಹಿರಿಯರಿಗೆ ಆ ಖಾಲಿ ಜಾಗ ನೋಡಿದರೆ ಯಾರೋ ಕತ್ತರಿ ಆಡಿಸಿದ್ದಾರೆ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಅವರ ಸಿಟ್ಟಿಗೆ ಕಾರಣ ಇದು. ಆದರೆ ಆ ಬೋಧನೆ ಒಂದೇ ವಚನದ ಮೇಲೆ ನಿಂತಿಲ್ಲ. ವಚನ ಅಡಿಟಿಪ್ಪಣಿಗೆ ಹೋದರೂ ಯಾವ ಬ್ಯಾಪ್ಟಿಸ್ಟ್ ಸಭೆಯೂ ಶಿಶುಗಳಿಗೆ ಸ್ನಾನ ಕೊಡಲು ಹೊರಟಿಲ್ಲ.

‘ನಾವು ಟೆಕ್ಸ್ಟಸ್ ರಿಸೆಪ್ಟಸ್‌ನವರು’ ಎಂದಾಗ ಯಾವುದು ಎಂದು ಕೇಳುವುದೂ ತಪ್ಪಲ್ಲ. ಆ ಹೆಸರು ಬಂದದ್ದೇ 1633ರ ಎಲ್ಜೆವಿರ್ ಮುದ್ರಣದ ಮುನ್ನುಡಿಯಿಂದ, ಅಂದರೆ ಕೆಜೆವಿಗಿಂತ 22 ವರ್ಷ ಆಮೇಲೆ. 1611ರ ಭಾಷಾಂತರಕಾರರು ಬೇಜಾ ಮತ್ತು ಸ್ಟೆಫಾನಸ್ ಎಂಬ ಸಂಪಾದಕರ ಬೇರೆ ಬೇರೆ ಗ್ರೀಕ್ ಮುದ್ರಣಗಳನ್ನು ಎದುರಿಗಿಟ್ಟುಕೊಂಡು ಒಂದೊಂದು ಕಡೆ ಒಂದೊಂದನ್ನು ಆರಿಸಿದರು. ಇಂದು ಟೆಕ್ಸ್ಟಸ್ ರಿಸೆಪ್ಟಸ್ ಎಂದು ಟ್ರಿನಿಟೇರಿಯನ್ ಬೈಬಲ್ ಸೊಸೈಟಿ ಹಂಚುವ ಗ್ರೀಕ್ ಪುಸ್ತಕ, ಆ ಆಯ್ಕೆಗಳನ್ನೆಲ್ಲ ಇಂಗ್ಲಿಷ್‌ನಿಂದ ಹಿಂದಕ್ಕೆ ಪತ್ತೆಹಚ್ಚಿ ಸ್ಕ್ರಿವ್‌ನರ್ ಎಂಬ ವಿದ್ವಾಂಸರು 1881ರಲ್ಲಿ ಜೋಡಿಸಿಕೊಟ್ಟದ್ದು. ಕೆಜೆವಿಯ ಪಕ್ಷಪಾತಿಗಳು ಸದಾ ಉಲ್ಲೇಖಿಸುವ ಡೀನ್ ಬರ್ಗನ್ ಕೂಡ ಟೆಕ್ಸ್ಟಸ್ ರಿಸೆಪ್ಟಸ್‌ಗೆ ತಿದ್ದುಪಡಿ ಬೇಕೆಂದು ಒಪ್ಪಿದ್ದರು. ಅವರು ಆಂಗ್ಲಿಕನ್ ಪಾದ್ರಿ, ಅಂದರೆ ಶಿಶುಗಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದ ಸಭೆಯವರು.

ನಿಮ್ಮ ಮೊದಲ ಪ್ರಶ್ನೆಯಲ್ಲಿ ಅಡಗಿರುವ ಇನ್ನೊಂದು ಪ್ರಶ್ನೆ: ಬ್ಯಾಪ್ಟಿಸ್ಟರು ಮೊದಲಿನಿಂದಲೂ ಹೀಗೆಯೇ ಇದ್ದರೇ? ಇಲ್ಲ. ಈ ಭಾಗ ಬಹಳ ಬ್ಯಾಪ್ಟಿಸ್ಟರಿಗೇ ಗೊತ್ತಿಲ್ಲ.

ಕಿಂಗ್ ಜೇಮ್ಸ್ ಬೈಬಲ್ ಇಂಗ್ಲೆಂಡಿನ ಸರ್ಕಾರಿ ಸಭೆಯ ಪುಸ್ತಕ. 1604ರ ಹ್ಯಾಂಪ್ಟನ್ ಕೋರ್ಟ್ ಸಮಾವೇಶದಲ್ಲಿ ತೀರ್ಮಾನವಾಯಿತು. ಸುಮಾರು 47 ಜನ ವಿದ್ವಾಂಸರು ವೆಸ್ಟ್‌ಮಿನ್‌ಸ್ಟರ್, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಆರು ತಂಡವಾಗಿ ಕೂತು ಮಾಡಿದರು. ಅವರಿಗೆ ಕೊಟ್ಟ ನಿಯಮಗಳಲ್ಲಿ ಮೂರನೆಯದು ಸಭೆಯ ಹಳೆಯ ಪದಗಳನ್ನು ಉಳಿಸಬೇಕು, ‘ಚರ್ಚ್’ ಎಂಬುದನ್ನು ‘ಕಾಂಗ್ರಿಗೇಷನ್’ ಮಾಡಬಾರದು ಎನ್ನುತ್ತದೆ. ಅವರಿಗಿಂತ ಹಿಂದಿನ ಇಂಗ್ಲಿಷ್ ಭಾಷಾಂತರಕಾರ ಟಿಂಡೇಲ್ 1526ರಲ್ಲಿ ‘ಕಾಂಗ್ರಿಗೇಷನ್’ ಎಂದೇ ಬರೆದಿದ್ದರು. ಸ್ಥಳೀಯ ಸಭೆಯೇ ಸರ್ವಸ್ವ ಎನ್ನುವ ಬ್ಯಾಪ್ಟಿಸ್ಟರಿಗೆ ಯಾವ ಪದ ಹಿಡಿಸುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷಗಳಲ್ಲಿ ಮೊದಲ ಇಂಗ್ಲಿಷ್ ಬ್ಯಾಪ್ಟಿಸ್ಟರು ರಾಜ ಜೇಮ್ಸ್‌ರ ಕೈಯಿಂದ ತಪ್ಪಿಸಿಕೊಂಡು ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದರು. 1609ರಲ್ಲಿ ಅಲ್ಲಿ ಮೊದಲ ಬ್ಯಾಪ್ಟಿಸ್ಟ್ ಸಭೆ ಕಟ್ಟಿದ ಜಾನ್ ಸ್ಮಿತ್, ಭಾಷಾಂತರ ಮನುಷ್ಯರ ಕೆಲಸವಾದ್ದರಿಂದ ಆರಾಧನೆಯ ಹೊತ್ತಿನಲ್ಲಿ ಯಾವ ಇಂಗ್ಲಿಷ್ ಬೈಬಲೂ ಕಣ್ಣೆದುರು ಇರಬಾರದು ಎನ್ನುತ್ತಿದ್ದರು. ಇಂದಿನ ‘ಕೆಜೆವಿ ಮಾತ್ರ’ ಎನ್ನುವವರಿಗೆ ಇದಕ್ಕಿಂತ ದೂರದ ಪೂರ್ವಜ ಸಿಗುವುದಿಲ್ಲ. ಅವರ ಜೊತೆಗಾರ ಥಾಮಸ್ ಹೆಲ್ವಿಸ್ ಲಂಡನ್ನಿಗೆ ಮರಳಿ, ರಾಜನೂ ಸಾಯುವ ಮನುಷ್ಯನೇ ಹೊರತು ದೇವರಲ್ಲ ಎಂದು ಜೇಮ್ಸ್‌ಗೇ ಬರೆದು, ನ್ಯೂಗೇಟ್ ಸೆರೆಮನೆ ಸೇರಿದರು. ಶಿಶು ದೀಕ್ಷಾಸ್ನಾನವನ್ನೂ ಇತರ ಕೆಲವು ಬೋಧನೆಗಳನ್ನೂ ತಿರಸ್ಕರಿಸಿದ ಎಡ್ವರ್ಡ್ ವೈಟ್‌ಮನ್‌ರನ್ನು 1612ರಲ್ಲಿ ಲಿಚ್‌ಫೀಲ್ಡ್‌ನಲ್ಲಿ ಸುಟ್ಟರು. ಇಂಗ್ಲೆಂಡಿನಲ್ಲಿ ಪಾಷಂಡವೆಂದು ಸುಟ್ಟ ಕೊನೆಯ ವ್ಯಕ್ತಿ ಅವರೇ. ಬೈಬಲಿನ ಮೇಲೆ ಯಾರ ಹೆಸರಿದೆಯೋ ಆ ಜೇಮ್ಸ್ ಆಗ ಸಿಂಹಾಸನದಲ್ಲಿದ್ದರು.

ಮುಂದೆ ಬ್ಯಾಪ್ಟಿಸ್ಟರೂ ಎಲ್ಲರಂತೆ ಕೆಜೆವಿಗೆ ಒಗ್ಗಿಕೊಂಡರು. ಆದರೆ 1689ರ ಲಂಡನ್ ವಿಶ್ವಾಸ ಪ್ರಮಾಣದ ಮೊದಲ ಅಧ್ಯಾಯದ ಎಂಟನೇ ಕಂಡಿಕೆ ಓದಿ: ದೇವರ ಪ್ರೇರಣೆಯಿಂದ ನೇರವಾಗಿ ಬಂದದ್ದೂ, ಎಲ್ಲ ಕಾಲದಲ್ಲೂ ಶುದ್ಧವಾಗಿ ಉಳಿದದ್ದೂ ಹೀಬ್ರೂ ಮತ್ತು ಗ್ರೀಕ್ ಪಾಠ ಎನ್ನುತ್ತದೆ. ಪ್ರತಿ ಜನಾಂಗದ ಆಡುಮಾತಿಗೆ ಅದನ್ನು ಭಾಷಾಂತರಿಸಬೇಕು ಎನ್ನುತ್ತದೆ. ಯಾವ ಇಂಗ್ಲಿಷ್ ಪುಸ್ತಕದ ಹೆಸರೂ ಇಲ್ಲ. ಮೂಲಪಾಠದ ನಿಲುವಿನವರು ‘ಶುದ್ಧವಾಗಿ ಉಳಿದದ್ದು’ ಎಂಬ ಮಾತನ್ನು ಹಿಡಿದುಕೊಳ್ಳುತ್ತಾರೆ, ಅದಕ್ಕೆ ಅವರಿಗೆ ಹಕ್ಕಿದೆ. ಇಂಗ್ಲಿಷ್ ಪರಿಪೂರ್ಣ ಎನ್ನುವವರಿಗೆ ಈ ಕಂಡಿಕೆಯಲ್ಲಿ ಕಾಲಿಡಲು ಜಾಗವಿಲ್ಲ.

ದೊಡ್ಡ ಜಗಳ ಆದದ್ದು 1830ರ ದಶಕದಲ್ಲಿ, ಅದೂ ಕಲ್ಕತ್ತೆಯ ದೆಸೆಯಿಂದ. ಅಲ್ಲಿನ ಬ್ಯಾಪ್ಟಿಸ್ಟ್ ಮಿಷನರಿಗಳಾದ ಯೇಟ್ಸ್ ಮತ್ತು ಪಿಯರ್ಸ್ ಬಂಗಾಳಿ ಹೊಸ ಒಡಂಬಡಿಕೆಯಲ್ಲಿ ‘ಬ್ಯಾಪ್ಟೈಜ್’ ಎಂಬುದಕ್ಕೆ ನೀರಲ್ಲಿ ಮುಳುಗಿಸು ಎಂಬ ಅರ್ಥದ ಪದವನ್ನೇ ಹಾಕಿದ್ದರು. ಬ್ರಿಟಿಷ್ ಬೈಬಲ್ ಸೊಸೈಟಿ ಹಣ ಕೊಡಲು ಒಪ್ಪಲಿಲ್ಲ. ಅಮೆರಿಕನ್ ಬೈಬಲ್ ಸೊಸೈಟಿಯನ್ನು ಕೇಳಿದರು. ಅದು 1836ರಲ್ಲಿ, ಭಾಷಾಂತರದ ತತ್ವಗಳಲ್ಲಿ ಬಳಕೆಯ ಇಂಗ್ಲಿಷ್ ಬೈಬಲನ್ನು ಅನುಸರಿಸುವ ಭಾಷಾಂತರಗಳಿಗೆ ಮಾತ್ರ ನೆರವು ಎಂದು ಠರಾವು ಮಾಡಿತು. ಬಳಕೆಯ ಇಂಗ್ಲಿಷ್ ಬೈಬಲ್ ಅಂದರೆ ಕೆಜೆವಿ. ಬಂಗಾಳಿಗೆ ಇಂಗ್ಲಿಷ್ ಅಳತೆಗೋಲೇ ಎಂದು ಸಿಡಿದೆದ್ದವರು ಬ್ಯಾಪ್ಟಿಸ್ಟರು! ಸ್ಪೆನ್ಸರ್ ಕೋನ್ ಅವರ ನೇತೃತ್ವದಲ್ಲಿ ಅದೇ ವರ್ಷ ಬೇರೆ ಸೊಸೈಟಿ ಕಟ್ಟಿದರು. 1850ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಗ್ಲಿಷ್ ಬೈಬಲನ್ನೇ ತಿದ್ದಬೇಕೆಂದು ಅಮೆರಿಕನ್ ಬೈಬಲ್ ಯೂನಿಯನ್ ಶುರುಮಾಡಿದರು. 1860ರ ದಶಕದಲ್ಲಿ ಹೊರಬಂದ ಅವರ ಹೊಸ ಒಡಂಬಡಿಕೆಯಲ್ಲಿ ಸ್ನಾನಿಕನಾದ ಯೋಹಾನನ ಹೆಸರು ‘ಜಾನ್ ದ ಇಮ್ಮರ್ಸರ್’. ಜನಸಾಮಾನ್ಯ ಬ್ಯಾಪ್ಟಿಸ್ಟರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮುಳುಗಿಸುವ ವಿಧಿ ತಮ್ಮದೇ ಆದರೂ ಕಿವಿ ಒಪ್ಪಲಿಲ್ಲ.

ಇದೇ ಪದದ ಬಗ್ಗೆ ಒಂದು ಸುಳ್ಳುಕತೆ ಈಗಲೂ ಬ್ಯಾಪ್ಟಿಸ್ಟ್ ಪ್ರಸಂಗಗಳಲ್ಲಿ ಓಡಾಡುತ್ತದೆ. ಗ್ರೀಕ್ ಪದವನ್ನು ಭಾಷಾಂತರಿಸದೆ ಹಾಗೇ ಇಡಿ ಎಂದು ರಾಜ ಜೇಮ್ಸ್ ಅಪ್ಪಣೆ ಮಾಡಿದರಂತೆ. ನಿಯಮ ಪಟ್ಟಿಯಲ್ಲಿ ಉದಾಹರಣೆಯಾಗಿ ಹೆಸರಿಸಿರುವುದು ‘ಚರ್ಚ್’ ಒಂದನ್ನೇ. ‘ಬ್ಯಾಪ್ಟೈಜ್’ ಎಂಬುದು ಟಿಂಡೇಲ್‌ರಲ್ಲೂ, ಅದಕ್ಕೂ ಹಿಂದಿನ ವಿಕ್ಲಿಫ್ ಬೈಬಲಿನಲ್ಲೂ ಇತ್ತು. ತರಗತಿಯಲ್ಲಿ ಯಾರಾದರೂ ಈ ಕತೆ ಹೇಳಿದರೆ ನಂಬಬೇಡಿ.

ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಹೆಸರಾಂತ ಬ್ಯಾಪ್ಟಿಸ್ಟ್ ಪ್ರಸಂಗಿ ಸ್ಪರ್ಜನ್ ಜೀವನವಿಡೀ ಕೆಜೆವಿಯಿಂದ ಪ್ರಸಂಗ ಮಾಡಿದವರು. ಕೆಜೆವಿ ಸಭೆಗಳು ಅವರನ್ನು ತಮ್ಮವರೆಂದೇ ಎಣಿಸುತ್ತವೆ. ಕೆಜೆವಿಯನ್ನು ಪರಿಷ್ಕರಿಸಿ ತಂದ 1881ರ ರಿವೈಸ್ಡ್ ವರ್ಷನ್‌ನ ಇಂಗ್ಲಿಷ್ ಅವರಿಗೆ ಹಿಡಿಸಿರಲಿಲ್ಲ. ಆದರೂ 1 ಯೋಹಾನ 3:1ರಲ್ಲಿ ಕೆಜೆವಿಯಲ್ಲಿ ಇಲ್ಲದ ‘ನಾವು ಅವರ ಮಕ್ಕಳಾಗಿದ್ದೇವೆ ಕೂಡ’ ಎಂಬ ಅರ್ಥದ ಎರಡು-ಮೂರು ಪದಗಳನ್ನೇ ತೆಗೆದುಕೊಂಡು, ರಿವೈಸ್ಡ್ ವರ್ಷನ್ ಕೊಟ್ಟ ರತ್ನ ಎಂದು ಇಡೀ ಪ್ರಸಂಗ ಮಾಡಿದರು.

ಹಾಗಿದ್ದರೆ ಈಗಿನ ಬಿಗಿತನ ಎಲ್ಲಿಂದ ಬಂತು? ಬಹುಮಟ್ಟಿಗೆ ಎರಡನೇ ಮಹಾಯುದ್ಧದ ನಂತರ, ಯಾವ ಕನ್ವೆನ್ಷನ್ನಿಗೂ ಸೇರದ ‘ಇಂಡಿಪೆಂಡೆಂಟ್ ಫಂಡಮೆಂಟಲ್’ ಬ್ಯಾಪ್ಟಿಸ್ಟ್ ಸಭೆಗಳಿಂದ. 1952ರಲ್ಲಿ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್ ಬಂತು. ಯೆಶಾಯ 7:14ರಲ್ಲಿ ‘ಕನ್ನಿಕೆ’ ಹೋಗಿ ‘ಯುವತಿ’ ಬಂದಳು. ಹಕ್ಕುಸ್ವಾಮ್ಯ ನ್ಯಾಷನಲ್ ಕೌನ್ಸಿಲ್ ಆಫ್ ಚರ್ಚಸ್ ಕೈಯಲ್ಲಿ. ಅದು ಉದಾರವಾದಿಗಳ ಕೂಟವೆಂದು ಈ ಸಭೆಗಳಿಗೆ ಮೊದಲೇ ಗುಮಾನಿ. ನಾರ್ತ್ ಕೆರೊಲಿನಾದ ರಾಕಿ ಮೌಂಟ್‌ನಲ್ಲಿ ಒಬ್ಬ ಬ್ಯಾಪ್ಟಿಸ್ಟ್ ಪಾಸ್ಟರ್ ಆ ಹಾಳೆಯನ್ನು ಎಲ್ಲರೆದುರು ಸುಟ್ಟರು. ಹೊಸ ಭಾಷಾಂತರ ಎಂದರೆ ನಂಬಿಕೆಗೇ ಕನ್ನ ಎಂಬ ಭಾವನೆ ಬೇರೂರಿದ್ದು ಆ ದಶಕದಲ್ಲಿ. ವಾದಕ್ಕೆ ಬೇಕಾದ ಸರಕು ಬಂದದ್ದು ಮಾತ್ರ ಬ್ಯಾಪ್ಟಿಸ್ಟರಿಂದಲ್ಲ. 1930ರಲ್ಲಿ ಬೆಂಜಮಿನ್ ವಿಲ್ಕಿನ್‌ಸನ್ ಎಂಬ ಸೆವೆಂತ್ ಡೇ ಅಡ್ವೆಂಟಿಸ್ಟ್ ಬರೆದ ಪುಸ್ತಕದ ವಾದಗಳು 1955ರಲ್ಲಿ ಜೆ. ಜೆ. ರೇ ಮೂಲಕ, 1970ರಲ್ಲಿ ಮಿಷಿಗನ್‌ನ ಬ್ಯಾಪ್ಟಿಸ್ಟ್ ಪಾಸ್ಟರ್ ಡೇವಿಡ್ ಓಟಿಸ್ ಫುಲ್ಲರ್ ಮೂಲಕ ಈ ಸಭೆಗಳಿಗೆ ಹರಿದವು. ಫಂಡಮೆಂಟಲಿಸ್ಟರ ಹಿರಿಯ ಸಂಪಾದಕ ಜಾನ್ ಆರ್. ರೈಸ್ ಕೆಜೆವಿಯನ್ನೇ ಬಳಸುತ್ತಿದ್ದರೂ ‘ಅದೊಂದೇ’ ಎಂಬ ವಾದವನ್ನು ಒಪ್ಪಿರಲಿಲ್ಲ.

ಇನ್ನೊಂದು ಕಾರಣ ತೀರಾ ಲೌಕಿಕ. ಅಮೆರಿಕದಲ್ಲಿ ಕೆಜೆವಿಗೆ ಹಕ್ಕುಸ್ವಾಮ್ಯವಿಲ್ಲ. ಸಣ್ಣ ಸಭೆಯೊಂದು ಪಾಠಪುಸ್ತಕ, ಕರಪತ್ರ, ಬಾಯಿಪಾಠದ ಚೀಟಿ ಎಷ್ಟು ಬೇಕಾದರೂ ಅಚ್ಚು ಹಾಕಿಸಬಹುದು, ಯಾರ ಅನುಮತಿಯೂ ಬೇಡ. ಹೊಸ ಭಾಷಾಂತರಗಳಿಗೆ ಇಷ್ಟು ವಚನ ಮೀರಿದರೆ ಅನುಮತಿ ಬೇಕೆಂಬ ಷರತ್ತಿರುತ್ತದೆ. 2014ರಲ್ಲಿ ಇಂಡಿಯಾನಾಪೊಲಿಸ್‌ನ ವಿದ್ವಾಂಸರು ಪ್ರಕಟಿಸಿದ ಸಮೀಕ್ಷೆಯಲ್ಲಿ ಬೈಬಲ್ ಓದುವ ಅಮೆರಿಕನ್ನರ ಪೈಕಿ ಶೇ 55 ಮಂದಿ ಕೆಜೆವಿಯನ್ನೂ ಶೇ 19 ಮಂದಿ ಎನ್‌ಐವಿಯನ್ನೂ ಹೆಸರಿಸಿದ್ದರು. ಅಷ್ಟು ಜನರೂ ಸಿದ್ಧಾಂತಿಗಳಲ್ಲ. ಮನೆಯಲ್ಲಿದ್ದ ಬೈಬಲ್ ಅದು.

ಸಭೆಯ ಫಲಕದ ಮೇಲೆ ‘ಕೆಜೆವಿ 1611’ ಎಂದಿದ್ದರೂ ಒಳಗೆ ಓದುವುದು 1611ರ ಮುದ್ರಣವನ್ನಲ್ಲ. 1769ರಲ್ಲಿ ಆಕ್ಸ್‌ಫರ್ಡ್‌ನ ಬೆಂಜಮಿನ್ ಬ್ಲೇನಿ ಕಾಗುಣಿತ, ವಿರಾಮಚಿಹ್ನೆ, ಓರೆ ಅಕ್ಷರಗಳನ್ನೆಲ್ಲ ಸರಿಪಡಿಸಿದ ಪಾಠ ಈಗ ಎಲ್ಲೆಡೆ ಇರುವುದು. 1611ರದರಲ್ಲಿ ಹಳೆ-ಹೊಸ ಒಡಂಬಡಿಕೆಗಳ ನಡುವೆ ಅಪಾಕ್ರಿಫಾ (ಹೀಬ್ರೂ ಬೈಬಲಿನಲ್ಲಿ ಸೇರದ) ಪುಸ್ತಕಗಳಿದ್ದವು; ಯಾವ ಬ್ಯಾಪ್ಟಿಸ್ಟ್ ಸಭೆಯೂ ಅವನ್ನು ಒಪ್ಪುವುದಿಲ್ಲ. ಅಂಚಿನಲ್ಲಿ ಪರ್ಯಾಯ ಅರ್ಥಗಳ ಟಿಪ್ಪಣಿಗಳಿದ್ದವು. ದೇವರು ತನ್ನ ಮಾತುಗಳನ್ನು ಕಾಪಾಡುತ್ತಾನೆ ಎಂಬುದಕ್ಕೆ ಈ ಸಭೆಗಳು ಸದಾ ಎತ್ತಿಹೇಳುವ ಕೀರ್ತನೆ 12:7ಕ್ಕೇ ಒಂದು ಅಂಚಿನ ಟಿಪ್ಪಣಿ ಇತ್ತು: ‘ಅವುಗಳನ್ನು’ ಎಂಬಲ್ಲಿ ಹೀಬ್ರೂವಿನಲ್ಲಿ ಇರುವುದು ‘ಅವನನ್ನು, ಅಂದರೆ ಅವರಲ್ಲಿ ಪ್ರತಿಯೊಬ್ಬನನ್ನು’ ಎಂದು. ಅಂದರೆ ಕಾಪಾಡುವುದು ಐದನೇ ವಚನದ ಬಡವರನ್ನಿರಬಹುದು. ಭಾಷಾಂತರಕಾರರಲ್ಲೊಬ್ಬರಾದ ಮೈಲ್ಸ್ ಸ್ಮಿತ್ 1611ರ ಮುದ್ರಣಕ್ಕೆ ಬರೆದ ಉದ್ದ ಮುನ್ನುಡಿಯಲ್ಲಿ, ತೀರಾ ಸಾಧಾರಣ ಇಂಗ್ಲಿಷ್ ಭಾಷಾಂತರವೂ ದೇವರ ವಾಕ್ಯವೇ, ಬೇರೆ ಬೇರೆ ಭಾಷಾಂತರಗಳಿರುವುದು ಅರ್ಥ ತಿಳಿಯಲು ಒಳ್ಳೆಯದು ಎಂಬ ಮಾತಿದೆ. ಈಗಿನ ಪ್ರತಿಗಳಲ್ಲಿ ಸಾಮಾನ್ಯವಾಗಿ ಆ ಮುನ್ನುಡಿ ಇರುವುದಿಲ್ಲ. ‘ಒಂದಕ್ಷರವೂ ಬದಲಾಗಿಲ್ಲ’ ಎನ್ನುವವರು ಸಿಕ್ಕರೆ ಯೆರೆಮೀಯ 34:16 ತೆಗೆಸಿ: ಆಕ್ಸ್‌ಫರ್ಡ್ ಮುದ್ರಣದಲ್ಲಿ ‘ಅವನು ಬಿಡುಗಡೆ ಮಾಡಿದ’, ಕೇಂಬ್ರಿಜ್‌ನಲ್ಲಿ ‘ನೀವು ಬಿಡುಗಡೆ ಮಾಡಿದ’. ಗೆಲ್ಲಲು ತೋರಿಸಬೇಡಿ, ತಿಳಿದಿರಲಿ ಅಷ್ಟೇ.

ಈಗ ಕನ್ನಡ ಸತ್ಯವೇದ. ರೂಢಿಯ ಸಭೆ ಅದನ್ನು ಸಂತೋಷದಿಂದ ಒಪ್ಪುತ್ತದೆ. ನಿಯಮ ಇಂಗ್ಲಿಷ್ ಓದಿಗೆ ಮಾತ್ರ. ಮೂಲಪಾಠದ ಸಭೆ ‘ಯಾವ ಗ್ರೀಕ್‌ನಿಂದ ಮಾಡಿದ್ದು?’ ಎಂದು ಕೇಳುತ್ತದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು 1830ರ ದಶಕದ ಆರಂಭದಲ್ಲಿ ಮುಗಿಸಿದ ಮೊದಲ ಪೂರ್ತಿ ಕನ್ನಡ ಬೈಬಲ್, ಬ್ಯಾಪ್ಟಿಸ್ಟರಾದ ಕೇರಿಯವರ ಶ್ರೀರಾಂಪುರದಿಂದ ಬಂದ ಕನ್ನಡ ಹೊಸ ಒಡಂಬಡಿಕೆ, ಎರಡೂ ವೆಸ್ಟ್‌ಕಾಟ್-ಹಾರ್ಟ್ ಪಾಠ ಬಂದ 1881ಕ್ಕಿಂತ ಹಿಂದಿನವು. ಆದರೆ ಬೈಬಲ್ ಸೊಸೈಟಿ ಈಗ ಅಚ್ಚು ಹಾಕುವುದು ಪರಿಷ್ಕೃತ ಪಾಠ. ನಿಮ್ಮ ಕೈಯಲ್ಲಿರುವ ಪ್ರತಿಯನ್ನು ನೀವೇ ಪರೀಕ್ಷಿಸಬಹುದು: ಅ.ಕೃ. 8:37, 1 ಯೋಹಾನ 5:7, ಮಾರ್ಕ 16:9–20, ಯೋಹಾನ 7:53–8:11, ಪ್ರಕಟನೆ 22:19. ವಚನ ಪಂಕ್ತಿಯಲ್ಲೇ ಇದೆಯೇ, ಆವರಣದಲ್ಲಿದೆಯೇ, ಅಡಿಟಿಪ್ಪಣಿಗೆ ಹೋಗಿದೆಯೇ ನೋಡಿ. ಹತ್ತು ನಿಮಿಷದ ಕೆಲಸ. ಇಂಗ್ಲಿಷ್ ಪರಿಪೂರ್ಣ ಎನ್ನುವ ಸಭೆಯಾದರೆ ಕನ್ನಡ ಬೈಬಲನ್ನು ಕೆಜೆವಿಯಿಂದಲೇ ಮಾಡಬೇಕಿತ್ತು ಎಂಬಲ್ಲಿಗೆ ಮಾತು ಹೋಗುತ್ತದೆ. ಅಂದರೆ ನಿಮ್ಮ ಅಜ್ಜಿ ಓದಿದ್ದು ಪೂರ್ತಿ ದೇವರ ವಾಕ್ಯವಲ್ಲ ಎಂದಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಆ ಮಾತು ಬಾಯಿಂದ ಬಂದ ಸಭೆಯ ಪತ್ರಕ್ಕೆ ಸಹಿ ಬೇಡ.

ಪಾಸ್ಟರನ್ನು ಕೇಳಬೇಕಾದದ್ದು ಹೀಗೆ. ಪತ್ರ ತರಗತಿಗೆ ಮಾತ್ರವೇ, ಮನೆಯ ಓದಿಗೂ ಅನ್ವಯವೇ? ಪಾಠ ತಯಾರಿಗೆ ಇತರ ಭಾಷಾಂತರ ನೋಡಬಹುದೇ? ಕನ್ನಡ ಬೈಬಲ್ ದೇವರ ವಾಕ್ಯವೇ? ‘ಪ್ರೇರಿತ’, ‘ತಪ್ಪಿಲ್ಲದ’ ಎಂಬ ಪದಗಳು ಪತ್ರದಲ್ಲಿದ್ದರೆ ಅವು ಮೂಲಭಾಷೆಯ ಪಾಠಕ್ಕೋ ಇಂಗ್ಲಿಷ್‌ಗೋ? ಬೇರೆ ಭಾಷಾಂತರ ಓದುವವರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತೀರಾ? ಉತ್ತರ ಬಾಯಲ್ಲಿ ಸಾಲದು, ಸಭೆಯ ನಂಬಿಕೆಯ ಹೇಳಿಕೆ ಮತ್ತು ನಿಯಮಾವಳಿಯ ಪ್ರತಿ ಕೇಳಿ ಪಡೆಯಿರಿ. ಪಾಸ್ಟರ್ ಬದಲಾದರೆ ಬಾಯಿಮಾತು ಅವರ ಜೊತೆಗೇ ಹೋಗುತ್ತದೆ. ಮೊದಲ ಎರಡು ಪ್ರಶ್ನೆಗಳಿಗೆ ಸಮಾಧಾನದ ಉತ್ತರ ಬಂದು, ಕನ್ನಡ ಬೈಬಲಿನ ಬಗ್ಗೆ ಹಿಂಜರಿಕೆ ಇಲ್ಲದಿದ್ದರೆ ಸಹಿ ಹಾಕಲು ಅಡ್ಡಿ ಏನೂ ಕಾಣದು. ಮನೆಗೂ ಅನ್ವಯ ಎಂದರೆ ಪಾಠ ಮಾಡುವುದು ಬೇಡ, ಆರಾಧನೆಗೆ ಹೋಗುತ್ತಿರಬಹುದು.

ಸಹಿ ಹಾಕಿ ಪಾಠ ಶುರುಮಾಡಿದರೆ ಕೆಜೆವಿಯಲ್ಲಿ ಮಕ್ಕಳು ಎಡವುವುದು ಗೊತ್ತಿಲ್ಲದ ಪದಗಳಲ್ಲಲ್ಲ, ಗೊತ್ತಿರುವಂತೆ ಕಾಣುವ ಪದಗಳಲ್ಲಿ. 1 ಥೆಸಲೊನೀಕ 4:15ರ ‘ಪ್ರಿವೆಂಟ್’ ಎಂದರೆ ತಡೆಯುವುದಲ್ಲ, ಮುಂದಾಗಿ ಹೋಗುವುದು. 2 ಥೆಸಲೊನೀಕ 2:7ರ ‘ಲೆಟ್’ ಎಂದರೆ ಬಿಡುವುದಲ್ಲ, ತಡೆಯುವುದು. 1 ಪೇತ್ರ 3:1ರ ‘ಕಾನ್ವರ್ಸೇಷನ್’ ಮಾತುಕತೆಯಲ್ಲ, ನಡತೆ. ಮಕ್ಕಳ ಅವಾನಾ ಕಾರ್ಯಕ್ರಮಕ್ಕೆ ಹೆಸರು ಕೊಟ್ಟ 2 ತಿಮೊಥೆಯ 2:15ರ ‘ಸ್ಟಡಿ’ ಕೂಡ ಪುಸ್ತಕ ಓದುವುದಲ್ಲ, ಶ್ರದ್ಧೆಯಿಂದ ಪ್ರಯತ್ನಪಡುವುದು. ಹಿಂದಿನ ರಾತ್ರಿ ಅದೇ ಭಾಗವನ್ನು ಕನ್ನಡದಲ್ಲಿ ಒಮ್ಮೆ ಓದಿಕೊಂಡರೆ ಇಂಥವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ; ಪೆನ್ಸಿಲಿನಲ್ಲಿ ಅಂಚಿಗೆ ಗುರುತು ಹಾಕಿಕೊಳ್ಳಲಿ.

ಕೆಜೆವಿಗೆ ಒಂದು ನಿಜವಾದ ಅನುಕೂಲವೂ ಇದೆ, ಅದರಲ್ಲಿ ನಿಮ್ಮ ಹೆಂಡತಿ ಇಂಗ್ಲಿಷ್ ಶಿಕ್ಷಕರಿಗಿಂತ ಮುಂದಿರುತ್ತಾರೆ. ಲೂಕ 22:31ರಲ್ಲಿ ಸೈತಾನನು ಕೇಳಿಕೊಂಡದ್ದು ‘ನಿಮ್ಮನ್ನು’, ಅಂದರೆ ಶಿಷ್ಯರೆಲ್ಲರನ್ನು. 32ರಲ್ಲಿ ಯೇಸು ಬೇಡಿಕೊಂಡದ್ದು ‘ನಿನಗೋಸ್ಕರ’, ಪೇತ್ರನೊಬ್ಬನಿಗಾಗಿ. ಕೆಜೆವಿಯ ‘ಯೂ’ ಮತ್ತು ‘ದೀ’ ಈ ಭೇದ ಉಳಿಸಿವೆ; ಇಎಸ್‌ವಿಯ ಪಂಕ್ತಿಯಲ್ಲಿ ಎರಡೂ ‘ಯೂ’. ಕೆಜೆವಿಯಲ್ಲಿ ‘ದೌ’, ‘ದೀ’, ‘ದೈ’ ಬಂದರೆ ಒಬ್ಬರು, ‘ಯೀ’, ‘ಯೂ’, ‘ಯುವರ್’ ಬಂದರೆ ಹಲವರು. ನೀನು-ನೀವು ಗೊತ್ತಿರುವವರಿಗೆ ಇದನ್ನು ಹೇಳಿಕೊಡುವುದು ಐದು ನಿಮಿಷದ ಮಾತು. ಮೊದಲ ಪಾಠಕ್ಕೆ ಯೋಹಾನ 3:7 ಆರಿಸಿಕೊಳ್ಳಬಹುದು: ಯೇಸು ಮಾತಾಡುವುದು ನಿಕೊದೇಮನೊಬ್ಬನ ಜೊತೆ, ಹೊಸದಾಗಿ ಹುಟ್ಟಬೇಕು ಎನ್ನುವಾಗ ಮಾತ್ರ ‘ಯೀ’.